ಇಂದ್ರಮ್ಮನ ಇಪ್ಪತ್ತಾರು ಡಿಗ್ರಿ

ಇಂದ್ರಮ್ಮನಿಗೆ ಭೂಮಿಯ ಮೇಲೆ ಯಾರನ್ನು ಕಂಡರೂ ಆಗುತ್ತಿರಲಿಲ್ಲ. ಗಂಡ ನಿಂಗಯ್ಯನಿಂದ ಹಿಡಿದು ಬೆಸಗರಹಳ್ಳಿ ಬಸ್ಸಿನ ಕಂಡಕ್ಟರನವರೆಗೆ, ಪಕ್ಕದ ಮನೆಯವಳಿಂದ ಹಿಡಿದು ಒಡಹುಟ್ಟಿದ ತಂಗಿಯವರೆಗೆ ಎಲ್ಲರೂ ಅವಳ ಪಾಲಿಗೆ ದಂಡಪಿಂಡಗಳು. ಅನ್ನಕ್ಕೆ ದಂಡವಲ್ಲದ ಜೀವ ಊರಿನಲ್ಲಿ ಎರಡೇ, ಒಂದು ತಾನು, ಇನ್ನೊಂದು ತನ್ನ ರೇಷ್ಮೆ ಹುಳು. ಹುಳುವನ್ನಾದರೂ ಯಾಕೆ ಮೆಚ್ಚಿದ್ದಳೆಂದರೆ ಅದು ಎದುರು ಮಾತಾಡುವುದಿಲ್ಲ.

ಇಂಥವಳ ಕಥೆಯನ್ನು ಯಾಕೆ ಹೇಳಬೇಕು ಎಂದು ನೀವು ಕೇಳಬಹುದು. ಇಂಥವರು ನಮ್ಮ ಕಡೆ ಬೀದಿಗೊಬ್ಬರು ಇದ್ದಾರೆ, ಯಾರೂ ಅವರ ಕಥೆಯನ್ನು ಸರಿಯಾಗಿ ಹೇಳುವುದಿಲ್ಲ, ಅದಕ್ಕೆ.

ಮದ್ದೂರಿನಿಂದ ಬೆಸಗರಹಳ್ಳಿಗೆ ಬಂದು, ಅಲ್ಲಿಂದ ಒಳಕ್ಕೆ ತಿರುಗಿದರೆ ಅವರ ಊರು. ಊರು ದಿಬ್ಬದ ಮೇಲಿದೆ. ಊರಿಗಿಂತಲೂ ಎತ್ತರದಲ್ಲಿ, ನೇಗಿಲು ಇಳಿಯದ ಬಂಡೆಯ ಮೇಲೆ ಇಂದ್ರಮ್ಮನ ತೋಟಕ್ಕೆ ಕೂಲಿಗೆ ಬರುವ ಪಟ್ಟಲಮ್ಮನವರ ಕೇರಿ. ಎಂದೋ ಹಿಂದೆ ನಿಂಗಯ್ಯನ ತಾತಂದಿರು ಕೆಳಗಿನ ಒಳ್ಳೆಯ ನೆಲವನ್ನೆಲ್ಲ ತಾವೇ ಬಳಿದುಕೊಂಡು, ಉಳಿದ ಬಂಡೆಯನ್ನು ಇವರಿಗೆ ತೋರಿಸಿ ದೊಡ್ಡ ಮನಸ್ಸು ಮಾಡಿದವರಂತೆ ಮೀಸೆ ತಿರುವಿದ್ದರು. ದಿಬ್ಬದ ಬುಡದಲ್ಲಿ, ನಾಲೆಯ ಪಕ್ಕದ ತಗ್ಗಿನಲ್ಲಿ ನಿಂಗಯ್ಯನ ಹಿಪ್ಪುನೇರಳೆ ತೋಟ. ಅದರೊಳಗೆ ತಗಡು ಹೊದಿಸಿದ ಉದ್ದನೆಯ ಹುಳದ ಮನೆ.

ಊರ ಮನೆಯಲ್ಲಿ ಇಂದ್ರಮ್ಮನ ಮಾತು ನಡೆಯುತ್ತಿರಲಿಲ್ಲ. ಅಲ್ಲಿ ಅತ್ತೆ ಬದುಕಿರುವವರೆಗೆ ಅತ್ತೆ, ಆಮೇಲೆ ಗಂಡ, ಗಂಡನ ಅಣ್ಣತಮ್ಮಂದಿರು, ಅವರ ಪಂಚಾಯಿತಿ. ಹುಳದ ಮನೆಗೆ ಬಂದರೆ ಮಾತ್ರ ಅವಳದೇ ದರ್ಬಾರು. ನಿಂಗಯ್ಯ ಕೂಡ ಅಲ್ಲಿ ಚಪ್ಪಲಿ ಬಿಟ್ಟು, ಕೈ ತೊಳೆದು, ಅವಳು ಹೂಂ ಎಂದ ಮೇಲೆ ಒಳಗೆ ಕಾಲಿಡಬೇಕು. ಹುಳು ಸೂಕ್ಷ್ಮ, ಹೊರಗಿನವರು ಬಂದರೆ ರೋಗ ತಗಲುತ್ತದೆ ಎನ್ನುವುದು ನಿಜವೇ. ಆದರೆ ಅವಳ ತಂಗಿಯ ಮನೆಯವರು ಚಪ್ಪಲಿ ಮೆಟ್ಟಿಕೊಂಡೇ ಒಳಗೆಲ್ಲ ಓಡಾಡಿ, ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು ಹೋದರೂ ಯಾವ ರೋಗವೂ ಬರುತ್ತಿರಲಿಲ್ಲ. ವರ್ಷಗಟ್ಟಲೆಯಿಂದ ಸೊಪ್ಪು ಕೊಯ್ದು ಹೊರೆ ಹೊತ್ತು ತರುವ ಪಟ್ಟಲಮ್ಮ ಹೊಸಿಲು ದಾಟಿದರೆ ಮಾತ್ರ ಬರುತ್ತಿತ್ತು. ಅವಳು ಹೊರೆಯನ್ನು ಬಾಗಿಲಲ್ಲಿ ಇಳಿಸಿ, ಬಾಗಿಲಲ್ಲೇ ಬೆವರು ಒರೆಸಿಕೊಂಡು, ಬಾಗಿಲಿನಿಂದಲೇ ಹಿಂತಿರುಗಬೇಕು.

ಆ ವರ್ಷ ನಿಂಗಯ್ಯ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ. ಹಿಂದಿನ ಎರಡು ಚಳಿಗಾಲದಲ್ಲೂ ಬೆಳೆ ಕೆಟ್ಟು ಗೂಡು ಸರಿಯಾಗಿ ಆಗಿರಲಿಲ್ಲ.

"ನೋಡಮ್ಮಿ, ಈ ಬೆಳೆನೂ ಕೆಡ್ತು ಅಂದ್ರೆ ಜೆಸಿಬಿ ಕರ್ಸಿ ಇಪ್ಪುನೇರ್ಳೆ ಕಡ್ಡಿ ಎಲ್ಲ ಕೀಳುಸ್ಬುಡ್ತೀನಿ. ಕಬ್ಬು ಆಕ್ತೀನಿ. ನಿನ್ ಉಳದ್ ಮನೇಲಿ ಟ್ರಾಕ್ಟ್ರು ನಿಲ್ಲುಸ್ತೀನಿ. ಕಬ್ಬಾದ್ರೆ ಒತ್ತೊತ್ತಿಗೆ ಎದ್ದು ಸೊಪ್ಪು ಆಕು ಅನ್ನಲ್ಲ."

ಇಂದ್ರಮ್ಮ ಹುಳದ ಮನೆಯ ಬಾಗಿಲನ್ನು ಎಳೆದು ಚಿಲಕ ಹಾಕಿದಳು. ಕಬ್ಬಿಗೆ ಹೆಂಗಸಿನ ಅವಶ್ಯಕತೆ ಇಲ್ಲ. ಕಬ್ಬು ಬಂದರೆ ತಾನು ಊರ ಮನೆಯ ಅಡುಗೆ ಒಲೆಯ ಮುಂದೆ ಕೂತು ಕಂಡವರ ಕೈಲಿ ಹೇಳಿಸಿಕೊಳ್ಳಬೇಕು. ಇದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಈ ಬೆಳೆಯನ್ನು ಹೇಗಾದರೂ ಗೆಲ್ಲಲೇಬೇಕು ಎಂದು ಹಲ್ಲು ಕಚ್ಚಿದಳು.

ಹುಳು ಚೆನ್ನಾಗಿ ಮೇಯಬೇಕಾದರೆ ಮನೆಯೊಳಗೆ ಇಪ್ಪತ್ತೈದು ಡಿಗ್ರಿಯ ಆಸುಪಾಸು ಇರಬೇಕು. ಅದನ್ನು ನೋಡಲೆಂದು ರೇಷ್ಮೆ ಇಲಾಖೆಯವರು ಮೂರು ವರ್ಷದ ಹಿಂದೆ ಒಂದು ಉಷ್ಣಮಾಪಕ ಕೊಟ್ಟಿದ್ದರು. ಊರಿನವರ ಬಾಯಲ್ಲಿ ಅದು ಮೀಟರು. ಮನೆಯ ನಡುವೆ, ಹುಳದ ತಟ್ಟೆಗಳ ಎತ್ತರಕ್ಕೆ, ಬೆಂಕಿಯಿಂದ ದೂರ ನೇತುಹಾಕಿ ಎಂದು ಹೇಳಿಕೊಟ್ಟೂ ಹೋಗಿದ್ದರು. ಇಂದ್ರಮ್ಮ ಅವರ ಜೀಪು ಮರೆಯಾಗುವುದನ್ನೇ ಕಾದು ಮೀಟರನ್ನು ಬಿಚ್ಚಿದಳು. ಕೂಲಿಯವರ ಕೈ ಬಡಿದು ಒಡೆದರೆ ಯಾರು ತಂದುಕೊಡುತ್ತಾರೆ? ಅದೂ ಅಲ್ಲದೆ ಬೆಳೆಯ ಹಣೆಬರಹ ಹೇಳುವ ವಸ್ತು ಬಡಗಿ ಹೊಡೆದ ಕಂಬದಲ್ಲಿ ನೇತಾಡುವುದೇ? ಬಾಗಿಲ ಪಕ್ಕದ ಗೋಡೆಯಲ್ಲಿ ಮನೆದೇವರ ಫೋಟೋ ಇತ್ತು. ಅದರ ಮಗ್ಗುಲಿಗೆ ಮೊಳೆ ಹೊಡೆದು ಮೀಟರು ತೂಗುಹಾಕಿದಳು, ವಿಭೂತಿ ಬಳಿದು ಕುಂಕುಮ ಇಟ್ಟಳು. ಅದರ ಕೆಳಗಿನ ಹಲಗೆಯ ಮೇಲೆ ದೊಡ್ಡ ಹಣತೆ. ಬೆಳಗಿನ ಜಾವ ದೀಪ ಹಚ್ಚಿ, ಊದುಬತ್ತಿ ಬೆಳಗಿ, ಕಣ್ಣು ಮುಚ್ಚಿ ಕೈಮುಗಿದು, ಆಮೇಲೆ ಮೀಟರು ನೋಡುವಳು. ಇಪ್ಪತ್ತಾರು. ಸಂಜೆ ದೀಪ ಹಚ್ಚಿ ನೋಡಿದರೂ ಇಪ್ಪತ್ತಾರು. ಚಳಿಗೆ ಊರೆಲ್ಲ ಗಡಗಡ ನಡುಗಲಿ, ದೇವರ ದಯೆ, ಅವಳ ಮನೆ ಇಪ್ಪತ್ತಾರು.

ಊರಿನ ಹಾಲಿನ ಡೈರಿಯ ಜಗಲಿಯಲ್ಲಿ ಕೂತು ನಿಂಗಯ್ಯ ಚಳಿಗೆ ಕಾರಣ ಹೇಳುತ್ತಿದ್ದ. ಬೇಸಿಗೆಯಲ್ಲಿ ಬಿಸಿಲು ಏರಿದ್ದಕ್ಕೆ ಬೆಂಗಳೂರು–ಮೈಸೂರು ರಸ್ತೆಯ ಅಗಲವೇ ಕಾರಣ ಎಂದು ಸಾಧಿಸಿದವನು, ಈಗ ಚಳಿ ಬಿದ್ದದ್ದಕ್ಕೆ ಮೊಬೈಲ್ ಟವರನ್ನು ಹಿಡಿದಿದ್ದ. ಹೋದ ವರ್ಷ ನಾಲೆಗೆ ನೀರು ಬಿಟ್ಟದ್ದು ಕಾರಣವಾಗಿತ್ತು. ಅದರ ಹಿಂದಿನ ವರ್ಷ ಬಿಡದೆ ಇದ್ದದ್ದು. ಜಗಲಿಯ ಮೇಲಿನ ಗಂಡಸರು ಅವನಷ್ಟೇ ಬುದ್ಧಿವಂತರಾದ್ದರಿಂದ ಹೌದು ಹೌದು ಎಂದು ತಲೆ ಆಡಿಸುತ್ತಿದ್ದರು.

"ಬಿಸಿಲು ಚಳಿ ಎಲ್ಲ ಇವ್ರುನ್ನ ಕೇಳ್ಕಂಡು ಬರ್ಬೇಕಿತ್ತು," ಎಂದು ಇಂದ್ರಮ್ಮ ಮೂಗು ಮುರಿದಳು. ಇಷ್ಟು ಮಾತ್ರ ಅವಳು ಸರಿಯಾಗಿಯೇ ಹೇಳಿದಳು.

ಹುಳು ಪೊರೆ ಬಿಡಲು ತಲೆ ಎತ್ತಿ, ಮೇಯುವುದನ್ನು ನಿಲ್ಲಿಸಿ ಮಲಗುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಮುಗಿಸಿ ಎದ್ದ ಮೇಲೆ ಹುಳು ರಾಕ್ಷಸನಂತೆ ಮೇಯುತ್ತದೆ. ಆ ಜ್ವರಕ್ಕೆ ಮುಂಚೆ ಒಂದು ದಿನ ಇಂದ್ರಮ್ಮನ ಸೊಂಟ ಹಿಡಿದುಕೊಂಡು ಬಗ್ಗಲು ಆಗಲಿಲ್ಲ. ನಿಂಗಯ್ಯ ಮದುವೆಗೆಂದು ಮಂಡ್ಯಕ್ಕೆ ಹೋಗಿದ್ದ. ಬೇರೆ ದಾರಿ ಕಾಣದೆ, ಬಾಗಿಲಲ್ಲಿ ಹೊರೆ ಇಳಿಸಿದ ಪಟ್ಟಲಮ್ಮನಿಗೆ ಅವಳೇ ಹೇಳಿದಳು, "ಒಳೀಕ್ ಬಾ. ಇವತ್ತೊಂದಿನ ನೀನೇ ಸೊಪ್ಪು ಆಕ್ಬುಡು." ಪಟ್ಟಲಮ್ಮ ಕೈಕಾಲು ತೊಳೆದು ಒಳಗೆ ಬಂದು, ಈ ತುದಿಯಿಂದ ಆ ತುದಿಯವರೆಗೆ ಸೊಪ್ಪು ಹರವಿ ಹೊರಗೆ ಹೋದಳು.

ಜ್ವರ ಮುಗಿದಾಗ ಬಾಗಿಲ ಕಡೆಯ ಹುಳು ಎದ್ದವು. ಹಿಂದಿನ ತುದಿಯಲ್ಲಿ, ನಾಲೆಯ ಕಡೆಯ ಹುಳು ಏಳಲೇ ಇಲ್ಲ. ಎದ್ದವೂ ಮಂಕಾಗಿ ಕೂತಿದ್ದವು, ಹಾಕಿದ ಸೊಪ್ಪು ಹಾಗೇ ಒಣಗುತ್ತಿತ್ತು.

ಅದೇ ಬೆಳಿಗ್ಗೆ ಪಟ್ಟಲಮ್ಮನ ಮಗಳು ಶೋಭಿತಾ ಸ್ಕೂಟರಿನಲ್ಲಿ ಅವ್ವನಿಗೆ ಬುತ್ತಿ ತಂದಿದ್ದಳು. ಅವಳು ಮದ್ದೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಇಂದ್ರಮ್ಮ ಬಾಗಿಲಲ್ಲಿ ನಿಂತು ಹಲುಬುವುದನ್ನು ಕೇಳಿಸಿಕೊಂಡು, ಯಾರೂ ತನ್ನನ್ನು ಕೇಳದಿದ್ದರೂ ಹೇಳಿದಳು.

"ಆ ಕಡೆ ಚಳಿ ಜಾಸ್ತಿ ಆಗಿರುತ್ತೆ, ಅದಕ್ಕೆ. ಹಗಲೆಲ್ಲ ನೆಲ ಬಿಸಿಲು ಕುಡಿದಿರುತ್ತೆ. ಹೊತ್ತು ಮುಳುಗಿದ ಮೇಲೆ ಆ ಕಾವನ್ನ ಆಕಾಶಕ್ಕೆ ಬಿಡ್ತಾ ಹೋಗುತ್ತೆ. ಮೋಡ ಇದ್ರೆ ಕಂಬಳಿ ಹೊದ್ದ ಹಾಗೆ, ಕಾವು ಉಳಿಯುತ್ತೆ. ಈಗ ಮೋಡ ಇಲ್ಲ. ನೆಲ ತಣ್ಣಗಾಗಿ, ಅದನ್ನ ಮುಟ್ಟಿದ ಗಾಳಿನೂ ತಣ್ಣಗಾಗಿ ಭಾರ ಆಗುತ್ತೆ. ಭಾರ ಆದ ಗಾಳಿ ನೀರಿನ ಥರ ತಗ್ಗಿಗೆ ಇಳಿಯುತ್ತೆ. ನಮ್ಮ ಬಂಡೆಯಿಂದ, ಊರ ದಿಬ್ಬದಿಂದ ಇಳಿದ ಚಳಿ ಎಲ್ಲ ಬಂದು ನಿಲ್ಲೋದು ಈ ಗುಂಡಿಲಿ. ಮೇಲೆ ತಗಡು ಬೇರೆ. ಬಂಡೆ ನಿಧಾನಕ್ಕೆ ಕಾದು ನಿಧಾನಕ್ಕೆ ತಣ್ಣಗಾಗುತ್ತೆ, ತಗಡು ಬೇಗ ಕಾದು ಬೇಗ ತಣ್ಣಗಾಗುತ್ತೆ."

ಇಂದ್ರಮ್ಮ ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಸ್ಕೂಟರು ನೋಡಿದಳು, ಕೈಗಡಿಯಾರ ನೋಡಿದಳು.

"ನಿಮ್ ಬಂಡೆ ಚಳಿ ಇಳ್ಕಂಡು ನಮ್ ಮನೇಗೆ ಬತ್ತದಾ? ಚಳಿಗೂ ಕಾಲು ಬಂದ್ವಾ? ಓಗಮ್ಮಿ ಓಗು, ಇಸ್ಕೂಲ್ ಮಕ್ಳಿಗೆ ಏಳು ಇದ್ನೆಲ್ಲ. ನಮ್ ಮೀಟ್ರು ಇಪ್ಪತ್ತಾರು ತೋರುಸ್ತದೆ."

"ಮೀಟರ್ ಎಲ್ಲಿ ಹಾಕಿದ್ದೀರಿ?"

"ಒಳಗದೆ. ನೀನು ಬಂದು ನೋಡಂಗಿಲ್ಲ."

ಶೋಭಿತಾ ನಕ್ಕಳು. ಬುತ್ತಿಯನ್ನು ಅವ್ವನ ಕೈಗಿಟ್ಟು ಸ್ಕೂಟರು ತಿರುಗಿಸಿದಳು. ಆ ನಗು ಇಂದ್ರಮ್ಮನ ಮೈಗೆ ಮೆಣಸಿನಕಾಯಿ ಅರೆದಂತಾಯಿತು.

ಆ ರಾತ್ರಿ ನಿಂಗಯ್ಯ ಊಟದ ತಟ್ಟೆಯ ಮುಂದೆ ಕೂತು, "ಕೆಡ್ತಲ್ಲ ಇದೂನೂವೆ," ಎಂದ. ಇಂದ್ರಮ್ಮನಿಗೆ ಈಗ ಒಂದು ಕಾರಣ ಬೇಕಿತ್ತು. ಕಾರಣವೆಂದರೆ ಅವಳ ಪಾಲಿಗೆ ಒಬ್ಬ ಮನುಷ್ಯ. ಗಾಳಿ, ನೆಲ, ಆಕಾಶ ಇವುಗಳನ್ನು ಬೈದು ಏನು ಸುಖ? ಒಳಗೆ ಬಂದು ಸೊಪ್ಪು ಹಾಕಿದವಳೊಬ್ಬಳಿದ್ದಳು. ಕರೆದವಳು ತಾನೇ ಎನ್ನುವುದನ್ನು ಅವಳು ಆ ರಾತ್ರಿಯೇ ಮರೆತಳು. ಬೇಕಾದ್ದನ್ನು ಮರೆಯುವುದರಲ್ಲಿ ಅವಳು ಬಲು ಚುರುಕು.

ಮರುದಿನ ಬೆಳಿಗ್ಗೆ ಡೈರಿಯಲ್ಲಿ ಹಾಲು ಹಾಕಲು ಊರೆಲ್ಲ ಸಾಲು ನಿಂತಿತ್ತು. ಪಟ್ಟಲಮ್ಮನೂ ತನ್ನ ಹಸುವಿನ ಹಾಲು ಹಿಡಿದು ನಿಂತಿದ್ದಳು. ಇಂದ್ರಮ್ಮ ಅವಳಿಗೆ ಕೇಳಲೆಂದೇ ದನಿ ಏರಿಸಿದಳು.

"ಯಾರ್ಯಾರನ್ನ ಎಲ್ಲೆಲ್ಲಿ ಇಡ್ಬೇಕೋ ಅಲ್ಲಲ್ಲೇ ಇಡ್ಬೇಕು ಕಣ್ರವ್ವ. ಒಂದಿನ ಒಳೀಕೆ ಬುಟ್ಟೆ, ಅವಳ ಕೈ ಸೋಕಿ ಬಂಗಾರದಂತ ಉಳ ಮಂಕಾಗೋದ್ವು."

ಕೆಲವರು ನೆಲ ನೋಡಿದರು, ಕೆಲವರು ಹೌದೆಂಬಂತೆ ನೋಡಿದರು. ಇಂದ್ರಮ್ಮನ ಹಾಲು ಕ್ಯಾನಿಗೆ ಬಿತ್ತು. ಅದರ ಹಿಂದೆಯೇ ಪಟ್ಟಲಮ್ಮನ ಹಾಲೂ ಅದೇ ಕ್ಯಾನಿಗೆ ಬಿದ್ದು ಒಂದಾಯಿತು. ಆ ಹಾಲಿನಲ್ಲಿ ಕಾಸಿದ ಟೀಯನ್ನು ಊರಿನವರು ಪೇಟೆಗೆ ಹೋದಾಗ ಸೊರಸೊರ ಹೀರುತ್ತಾರೆ, ಆಗ ಯಾರ ಕೈಯೂ ನೆನಪಿಗೆ ಬರುವುದಿಲ್ಲ. ಪಟ್ಟಲಮ್ಮ ಖಾಲಿ ಪಾತ್ರೆ ತೆಗೆದುಕೊಂಡು ಇಂದ್ರಮ್ಮನ ಎದುರಿಗೆ ಬಂದು ನಿಂತಳು.

"ನಿಮ್ ಸೊಪ್ಪಿಗೆ ಬ್ಯಾರೆ ಕೈ ನೋಡ್ಕಳಿ," ಎಂದಳು. ಅಷ್ಟೇ ಹೇಳಿ ಬಂಡೆಯ ದಾರಿ ಹಿಡಿದಳು.

ಅಂದೇ ಮಧ್ಯಾಹ್ನ ಮಳವಳ್ಳಿಯಿಂದ ಸುದ್ದಿ ಬಂತು. ನಿಂಗಯ್ಯನ ದಾಯಾದಿ ಅಜ್ಜನೊಬ್ಬ ತೀರಿಕೊಂಡಿದ್ದ. ಮನೆಗೆ ಸೂತಕ. ಇಂದ್ರಮ್ಮ ಶಾಸ್ತ್ರದಲ್ಲಿ ಕೂದಲೆಳೆ ಬಿಡುವವಳಲ್ಲ. ಊರ ಮನೆಯಲ್ಲೂ ದೀಪವಿಲ್ಲ, ಹುಳದ ಮನೆಯಲ್ಲೂ ದೀಪವಿಲ್ಲ. ಹುಳುವಿಗೆ ಸೊಪ್ಪು ಹಾಕುವುದಕ್ಕೆ ಮಾತ್ರ ಸೂತಕ ಅಡ್ಡ ಬರಲಿಲ್ಲ, ಯಾಕೆಂದರೆ ಅಲ್ಲಿ ನಷ್ಟವಿತ್ತು.

ಮರುದಿನ ಬೆಳಗಿನ ಜಾವ ಹುಳದ ಮನೆಗೆ ಬಂದು, ಅಭ್ಯಾಸದಂತೆ ಫೋಟೋದ ಕಡೆ ತಿರುಗಿ, ಕೈಮುಗಿಯದೆ, ಟಾರ್ಚಿನ ಬೆಳಕಿನಲ್ಲಿ ಮೀಟರು ನೋಡಿದಳು. ಹದಿನೆಂಟು. ಕಣ್ಣು ಉಜ್ಜಿ ನೋಡಿದಳು. ಹದಿನೆಂಟೇ. ಮೀಟರು ಕೆಟ್ಟಿತು ಎಂದುಕೊಂಡಳು. ಸತ್ತವನು ಸಾಯುವಾಗ ಶಾಪ ಹಾಕಿದ ಎಂದುಕೊಂಡಳು. ಬೀಗ ಹಾಕಿದ ಮನೆಗೆ ಒಂದೇ ರಾತ್ರಿಗೆ ಇಷ್ಟು ಚಳಿ ಎಲ್ಲಿಂದ ನುಗ್ಗಿತು ಎಂದು ಸುತ್ತ ಕಣ್ಣಾಡಿಸಿದಳು. ಆಮೇಲೆ ಅವಳ ಕಣ್ಣು ಹಣತೆಯ ಮೇಲೆ ಬಿತ್ತು. ಎಣ್ಣೆ ಹೆಪ್ಪುಗಟ್ಟಿತ್ತು, ಬತ್ತಿ ಕರಕಾಗಿ ಬಿದ್ದಿತ್ತು. ಅದರ ನೇರಕ್ಕೆ ಮೇಲೆ, ಒಂದು ಗೇಣು ದೂರದಲ್ಲಿ, ಮಸಿ ಹಿಡಿದು ಕಪ್ಪಾದ ಮೀಟರಿನ ಬುಡ.

ಅವಳು ಹೆಡ್ಡಿಯಲ್ಲ. ಹೆಡ್ಡಿಯಾಗಿದ್ದರೆ ಕ್ಷಮಿಸಬಹುದಿತ್ತು. ನಿಂತಲ್ಲೇ ಎಲ್ಲ ಹೊಳೆಯಿತು. ಇಷ್ಟು ದಿನ ಮೀಟರು ಅಳೆದದ್ದು ಹುಳದ ಮನೆಯ ಚಳಿಯನ್ನಲ್ಲ, ತನ್ನ ದೀಪದ ಬಿಸಿಯನ್ನು. ಮೀಟರು ಬಿಚ್ಚಿ, ಹಿಂದಿನ ತುದಿಗೆ ಒಯ್ದು ಹುಳುಗಳ ನಡುವೆ ಇಟ್ಟು ಕಾದಳು. ಹದಿನಾರಕ್ಕೆ ಇಳಿಯಿತು. ಎರಡು ಚಳಿಗಾಲದ ಬೆಳೆ ಕೆಟ್ಟದ್ದೂ ಯಾಕೆಂದು ಈಗ ಕೇಳಬೇಕಾಗಿರಲಿಲ್ಲ. ಹುಳುಗಳು ಮೂರು ವರ್ಷ ಅವಳ ಕಣ್ಣೆದುರೇ ಚಳಿಗೆ ಮುದುಡಿದ್ದವು, ಅವಳು ದೇವರಿಗೆ ಕೈಮುಗಿದು ಗಾಜಿನ ಕಡ್ಡಿಯನ್ನು ನಂಬಿದ್ದಳು. ಅಲ್ಲೇ ಕುಸಿದು ಕೂತು ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ನಾಚಿಕೆಯಿಂದ ಅತ್ತಳೋ ಹುಳುವಿಗಾಗಿ ಅತ್ತಳೋ ಅವಳಿಗೇ ತಿಳಿಯಲಿಲ್ಲ.

ಮೀಟರನ್ನು ಮನೆಯ ನಡುವೆ ಕಟ್ಟಿದಳು. ಹಿಂದಿನ ತುದಿಗೆ ಇದ್ದಿಲಿನ ಕುಂಡ ಹೂಡಿದಳು, ಸಂದುಗಳಿಗೆ ಗೋಣಿಚೀಲ ತುರುಕಿದಳು. ಒಂದೆರಡು ದಿನದಲ್ಲಿ ಮಂಕು ಹುಳು ತಲೆ ಎತ್ತಿದವು. ಎತ್ತಿದ ಮೇಲೆ ಕೇಳಬೇಕೇ, ಮೇಯಲು ಹತ್ತಿದವು, ತಗಡಿನ ಮೇಲೆ ಮಳೆ ಬಿದ್ದ ಹಾಗೆ ಸದ್ದು. ಬೆಳೆ ಉಳಿಯುತ್ತದೆ ಎಂದು ಅವಳ ಜೀವ ಹಿಗ್ಗಿತು. ಆದರೆ ಅಷ್ಟು ಹುಳುವಿಗೆ ಹೊರೆಗಟ್ಟಲೆ ಸೊಪ್ಪು ಬೇಕು, ಕೊಯ್ಯುವವರು ಯಾರು? ನಿಂಗಯ್ಯ ತಿಥಿಯ ಓಡಾಟದ ನೆಪ ಹೇಳಿದ. ಊರಿನ ಹೆಂಗಸರಿಗೆಲ್ಲ ಅವಳು ಒಂದಲ್ಲ ಒಂದು ದಿನ ದಂಡಪಿಂಡ ಎಂದವಳೇ, ಅವರು ಬಾಗಿಲಲ್ಲೇ ಬೆನ್ನು ತಿರುಗಿಸಿದರು. ಕೇರಿಯಿಂದ ಬೇರೆ ಯಾರೂ ಬರಲಿಲ್ಲ. ಡೈರಿಯ ಮಾತು ಅಲ್ಲಿಗೆ ಅವಳಿಗಿಂತ ಮೊದಲೇ ತಲುಪಿತ್ತು.

ಕೊನೆಗೆ ಒಂದು ಮುಂಜಾನೆ ಇಂದ್ರಮ್ಮ ಕಂಬಳಿ ಹೊದ್ದು ಬಂಡೆಯ ಕಡೆ ಹೊರಟಳು. ತೋಟದ ತಗ್ಗಿನಲ್ಲಿ ಮಂಜು ಮೊಣಕಾಲಿನವರೆಗೆ ನಿಂತಿತ್ತು, ಪಾದ ಮರಗಟ್ಟಿ ನೆಲವೇ ಗೊತ್ತಾಗುತ್ತಿರಲಿಲ್ಲ. ದಿಬ್ಬ ಹತ್ತುತ್ತ ಹತ್ತುತ್ತ ಚಳಿ ಕಡಿಮೆಯಾಯಿತು. ಊರು ದಾಟಿ ಬಂಡೆಗೆ ಕಾಲಿಟ್ಟಾಗ ಮುಖಕ್ಕೆ ಹಿತವಾದ ಗಾಳಿ ತಗಲಿತು. ಬಂಡೆಯನ್ನು ಕೈಯಿಂದ ಮುಟ್ಟಿದಳು, ನಿನ್ನೆಯ ಬಿಸಿಲು ಇನ್ನೂ ಅದರೊಳಗೆ ಸ್ವಲ್ಪ ಉಳಿದಿತ್ತು. ಹಿಂತಿರುಗಿ ನೋಡಿದರೆ ಕೆಳಗೆ ತನ್ನ ಹುಳದ ಮನೆ ಮಂಜಿನ ಕೆರೆಯಲ್ಲಿ ಮುಳುಗಿತ್ತು. ಆ ಹುಡುಗಿ ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜ. ಹೊದ್ದ ಕಂಬಳಿಯನ್ನು ಅಲ್ಲೇ ತೆಗೆದು ತೋಳಿನ ಮೇಲೆ ಹಾಕಿಕೊಳ್ಳಬೇಕಾಯಿತು. ಕೇರಿಗೆ ಕೊಟ್ಟ ಕೆಟ್ಟ ಬಂಡೆಯ ಮೇಲೆ ಜನ ಬೆಚ್ಚಗಿದ್ದರು ಎನ್ನುವುದು ಅವಳಿಗೆ ಸಹಿಸಲಾಗದ ಸಂಗತಿ.

ಪಟ್ಟಲಮ್ಮ ಹಸುವಿನ ಮುಂದೆ ಹುಲ್ಲು ಹಾಕುತ್ತಿದ್ದಳು. ಒಳಗೆ ಗೋಡೆಯ ಮೇಲೆ ಬುದ್ಧನ ಪಟ ಕಾಣುತ್ತಿತ್ತು. ಶೋಭಿತಾ ಸ್ಕೂಲಿಗೆ ತಯಾರಾಗಿ ಬಾಗಿಲಿಗೆ ಬಂದಳು.

"ಒಳೀಕೆ ಬನ್ನಿ ಇಂದ್ರಮ್ಮೋರೆ," ಎಂದಳು ಪಟ್ಟಲಮ್ಮ.

ಇಂದ್ರಮ್ಮ ಅಂಗಳದಲ್ಲೇ ನಿಂತಳು. "ಮೀಟ್ರು ಕೆಟ್ಟೋಗಿತ್ತು ಕಣಮ್ಮಿ. ಅದ್ಕೆ ಏನೋ ಅಂದ್ಬುಟ್ಟೆ. ಸೊಪ್ಪಿಗೆ ಬಾ."

"ಮೀಟರ್ ಕೆಟ್ಟಿತ್ತಾ, ದೀಪದ ಮೇಲೆ ನೇತಾಕಿದ್ರಾ?" ಎಂದಳು ಶೋಭಿತಾ. "ಅವ್ವ ನಿಮ್ಮ ಹುಳದ ಮನೆ ಒಳಗೆ ಬಂದಿದ್ರಲ್ಲ, ಆವತ್ತೇ ನೋಡಿ ಬಂದು ನಂಗೆ ಹೇಳಿದ್ರು."

ಇಂದ್ರಮ್ಮ ತೋಳಿನ ಮೇಲಿನ ಕಂಬಳಿಯನ್ನು ಬಿಚ್ಚಿ ಮತ್ತೆ ಮಡಿಸಿದಳು.

"ನಾನು ಬತ್ತೀನಿ," ಎಂದಳು ಪಟ್ಟಲಮ್ಮ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕಿಂತ ಕೆಟ್ಟದ್ದೇನೋ ಇತ್ತು. "ಕಾಲ್ಗೆ ಬೀಳೋದು ಬ್ಯಾಡ. ಡೈರಿಲಿ ನಿಂತ್ಕಂಡು ಅಂದ್ರಲ್ಲ, ಅದೇ ಜಾಗದಲ್ಲಿ, ಅದೇ ಜನದ ಮುಂದೆ, ಉಳ ಮಂಕಾಗಿದ್ದು ಇವಳ ಕೈಯಿಂದ ಅಲ್ಲ, ಚಳಿಯಿಂದ, ನನ್ ದೀಪ ಮೀಟ್ರುನ್ನ ಏಮಾರುಸ್ತು ಅಂತ ಒಂದು ಮಾತು ಏಳ್ಬುಡಿ. ಅಲ್ಲಿಂದ ನೆಟ್ಟಗೆ ನಿಮ್ ತೋಟಕ್ಕೆ ಬತ್ತೀನಿ."

ಒಂದು ಮಾತು. ದಿಬ್ಬ ಇಳಿಯುತ್ತ ಇಂದ್ರಮ್ಮ ಆ ಮಾತನ್ನು ಬಾಯಲ್ಲಿ ಹೊರಳಿಸಿ ಹೊರಳಿಸಿ ಅಭ್ಯಾಸ ಮಾಡಿದಳು. ಹುಳದ ಮನೆ ಉಳಿಯಬೇಕು. ಹೇಳಿಬಿಡುತ್ತೇನೆ ಎಂದುಕೊಂಡಳು. ಹಾಲು ಕರೆದು ಡೈರಿಗೆ ಬಂದಾಗ ಸಾಲು ನಿಂತಿತ್ತು. ನಿಂಗಯ್ಯ ಜಗಲಿಯಲ್ಲಿ ಟವರಿನ ವಿಷಯ ಹೇಳುತ್ತಿದ್ದ. ಪಟ್ಟಲಮ್ಮ ಹಾಲು ಹಾಕಿ ಮುಗಿಸಿ, ಸೊಪ್ಪು ಕೊಯ್ಯುವ ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಂದು ಪಕ್ಕ ನಿಂತಿದ್ದಳು. ಕೆಲಸಕ್ಕೆಂದೇ ಬಂದಿದ್ದಳು.

ಇಂದ್ರಮ್ಮ ಎಲ್ಲರ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡಳು. ಮಾತು ನಾಲಿಗೆಯ ತುದಿಗೆ ಬಂತು. ಈ ದಂಡಪಿಂಡಗಳ ಮುಂದೆ ತಾನು ತಗ್ಗುವುದೇ? ನಾಳೆ ಇವರೆಲ್ಲ ತನ್ನ ದೀಪದ ಕಥೆ ಹೇಳಿಕೊಂಡು ನಗುವುದೇ?

"ಈ ವರ್ಸ ಯಾಕೋ ಚಳಿ ಜಾಸ್ತಿ ಕಣ್ರವ್ವ," ಎಂದಳು.

"ಅದೇ ಕಣೆ ನಾನೂ ಏಳ್ತಾ ಇರೋದು, ಟವರು," ಎಂದ ನಿಂಗಯ್ಯ.

ಪಟ್ಟಲಮ್ಮ ಇನ್ನೂ ಸ್ವಲ್ಪ ಹೊತ್ತು ಕಾದಳು. ಆಮೇಲೆ ಕುಡುಗೋಲನ್ನು ಸೊಂಟದಿಂದ ತೆಗೆದು ಖಾಲಿ ಪಾತ್ರೆಯೊಳಗೆ ಹಾಕಿಕೊಂಡು ಹೊರಟುಹೋದಳು.

ಹುಳು ಹಸಿವಿನಿಂದ ತಲೆ ಎತ್ತಿ ಎತ್ತಿ ಆಡಿಸಿದವು. ಇಂದ್ರಮ್ಮ ಒಬ್ಬಳೇ ಸೊಂಟ ಹಿಡಿದುಕೊಂಡು ಕೊಯ್ದಷ್ಟು ಕೊಯ್ದಳು, ಸಾಲಲಿಲ್ಲ. ಕಟ್ಟಿದ ಗೂಡು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿದ್ದವು, ಎಷ್ಟೋ ಹುಳು ಗೂಡು ಕಟ್ಟದೆಯೇ ಸತ್ತವು. ಬೇಸಿಗೆಗೆ ಮುಂಚೆ ಜೆಸಿಬಿ ಬಂದು ಹಿಪ್ಪುನೇರಳೆ ಕಡ್ಡಿಯನ್ನು ಬೇರುಸಹಿತ ಕಿತ್ತಿತು. ಈಗ ಅಲ್ಲಿ ಕಬ್ಬು. ಹುಳದ ಮನೆಯಲ್ಲಿ ಟ್ರಾಕ್ಟರು ನಿಂತಿದೆ. ನಿಂಗಯ್ಯ ಚಪ್ಪಲಿ ಮೆಟ್ಟಿಕೊಂಡೇ ಒಳಗೆ ಹೋಗುತ್ತಾನೆ.

ಬೆಳೆ ಕೆಟ್ಟದ್ದು ಯಾಕೆ ಎಂದು ಯಾರಾದರೂ ಕೇಳಿದರೆ ಇಂದ್ರಮ್ಮ ಇವತ್ತಿಗೂ ಬಂಡೆಯ ಕಡೆ ಗದ್ದ ಎತ್ತಿ ತೋರಿಸುತ್ತಾಳೆ. ಮೀಟರನ್ನು ಊರ ಮನೆಗೆ ತಂದು ದೇವರ ಗೂಡಿನಲ್ಲಿ, ದೀಪದ ಮೇಲೆ, ಮೊದಲಿನಷ್ಟೇ ದೂರಕ್ಕೆ ತೂಗುಹಾಕಿದ್ದಾಳೆ. ಚಳಿಗಾಲದ ಬೆಳಿಗ್ಗೆ ಯಾರಾದರೂ ನಡುಗುತ್ತ ಬಂದರೆ ಒಳಗೆ ಕರೆದು ಅದನ್ನು ತೋರಿಸುತ್ತಾಳೆ.

"ನೋಡಿ, ಇಪ್ಪತ್ತಾರು. ನಮ್ ಮನೇಲಿ ಚಳಿ ಅನ್ನೋದೇ ಇಲ್ಲ," ಎನ್ನುತ್ತಾಳೆ, ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡು.